ಹತ್ತನೇ ಕ್ಲಾಸಿನ ಮಗುವಿನ ನಿದ್ದೆಗೆ ಕತ್ತರಿ ಹಾಕಬೇಡಿ

ಈ ವಾರದ ಆರೋಗ್ಯದ ಮಾತು ಹೈಸ್ಕೂಲು ಮಕ್ಕಳಿರುವ ಮನೆಗಳಿಗೆ. ಐದು ನಿಮಿಷ ಬಿಡುವು ಮಾಡಿಕೊಂಡು ಪೂರ್ತಿ ಓದಿ. ಆದರೆ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೊದಲು ಒಂದು ಲೆಕ್ಕ. ಮುಂಬಯಿ, ಠಾಣೆ ಕಡೆ ಬೆಳಗಿನ ಪಾಳಿಯ ಶಾಲೆಗೆ ಹೋಗುವ ಎಷ್ಟೋ ಮಕ್ಕಳ ದಿನ ಹೀಗಿರುತ್ತದೆ. 5.45ಕ್ಕೆ ಏಳಬೇಕು, 7ಕ್ಕೆ ಶಾಲೆ. ಮಧ್ಯಾಹ್ನ ಒಂದೂವರೆಗೆ ಮನೆ. ನಾಲ್ಕಕ್ಕೆ ಕ್ಲಾಸು, ಅಂದರೆ ಟ್ಯೂಷನ್. ಏಳೂವರೆಗೆ ವಾಪಸ್ಸು. ಆಮೇಲೆ ಶಾಲೆಯ ಹೋಂವರ್ಕ್. ಅಪ್ಪ ಲೋಕಲ್ ಹಿಡಿದು ಮನೆ ಸೇರುವಾಗ ಒಂಬತ್ತೂವರೆ. ಎಲ್ಲರೂ ಕೂಡಿ ಊಟಕ್ಕೆ ಕೂರುವಾಗ ಹತ್ತು. ಊಟವಾದ ಮೇಲೆ ಕ್ಲಾಸಿನವರು ಕೊಟ್ಟ ಹೋಂವರ್ಕ್. ದೀಪ ಆರುವಾಗ ಹನ್ನೆರಡು. ಮತ್ತೆ 5.45ಕ್ಕೆ ಅಲಾರಂ. ಸಿಕ್ಕಿದ ನಿದ್ದೆ ಐದು ಮುಕ್ಕಾಲು ಗಂಟೆ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ತಜ್ಞರ ಸಂಘ 2016ರಲ್ಲೇ ಹೇಳಿದೆ. ಕಡಿಮೆ ಎಂದರೆ ಎಂಟು ಗಂಟೆ ಎಂದು ಹಿಡಿದರೂ ಈ ಮಗುವಿಗೆ ದಿನಕ್ಕೆ ಎರಡೂಕಾಲು ಗಂಟೆ ಕೊರತೆ. ಶಾಲೆಯ ಆರು ದಿನಕ್ಕೆ ಹದಿಮೂರೂವರೆ ಗಂಟೆ ಸಾಲ. ಭಾನುವಾರ ಎಷ್ಟು ಮಲಗಿದರೂ ಇದು ತೀರುವುದಿಲ್ಲ.

ಓದನ್ನೂ ಬದುಕನ್ನೂ ಹೇಗೆ ತೂಗಿಸುವುದು ಎಂದು ಮಗು ಕೇಳಿದರೆ ನಾವೆಲ್ಲ ಒಂದು ಟೈಂಟೇಬಲ್ ಬರೆದು ಗೋಡೆಗೆ ಅಂಟಿಸಿಬಿಡುತ್ತೇವೆ. ಮೊದಲು ಶಾಲೆ ಬರೆಯುತ್ತೇವೆ, ನಂತರ ಕ್ಲಾಸು, ನಂತರ ಹೋಂವರ್ಕ್. ಉಳಿದದ್ದು ನಿದ್ದೆ, ಆಟ, ಗೆಳೆಯರು. ಉಳಿಯುವುದೇ ಇಲ್ಲ. ನನ್ನ ಅಭಿಪ್ರಾಯ ಇಷ್ಟೇ: ಬರೆಯುವ ಕ್ರಮ ತಿರುಗಿಸಿ. ಮೊದಲು ನಿದ್ದೆ ಬರೆಯಿರಿ, ಆಮೇಲೆ ಒಂದು ಗಂಟೆ ಆಟ, ಆಮೇಲೆ ಶಾಲೆ. ಮಿಕ್ಕ ಹೊತ್ತಿನಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟೇ ಕ್ಲಾಸು. ಈ ಕೆಲಸ ಮಗು ಒಂದರಿಂದಲೇ ಆಗದು. ಮನೆಯ ಟೈಂಟೇಬಲ್ಲೇ ಬದಲಾಗಬೇಕು.

*ಇದು ಸೋಮಾರಿತನ ಅಲ್ಲ*

"ರಾತ್ರಿ ಹತ್ತಕ್ಕೆ ಮಲಗು ಅಂದರೆ ನಿದ್ದೆ ಬರಲ್ಲ ಅಂತಾನೆ, ಬೆಳಿಗ್ಗೆ ಎಬ್ಬಿಸಿದರೆ ಏಳಲ್ಲ" ಎಂದು ಅಮ್ಮಂದಿರು ದೂರುತ್ತಾರೆ. ಅದರಲ್ಲಿ ಮಗುವಿನ ತಪ್ಪು ಅರ್ಧ ಮಾತ್ರ. ಕತ್ತಲಾದ ಮೇಲೆ ನಮ್ಮ ಮೆದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನ್ ಹೆಚ್ಚುತ್ತದೆ. ಅದೇ ನಿದ್ದೆಯ ಕರೆ. ಹರೆಯ ಬಂದಾಗ ಈ ಕರೆ ಒಂದೆರಡು ಗಂಟೆ ತಡವಾಗಿ ಬರುತ್ತದೆ. ಎಂಟು ವರ್ಷದ ತಂಗಿ ಒಂಬತ್ತಕ್ಕೆ ತೂಕಡಿಸುತ್ತಾಳೆ, ಹದಿನೈದರ ಅಣ್ಣನ ಕಣ್ಣಿಗೆ ಹತ್ತೂವರೆಯಾದರೂ ನಿದ್ದೆ ಹತ್ತುವುದಿಲ್ಲ. ಇದಕ್ಕೆ ಮೊಬೈಲಿನ ಬೆಳಕು, ರಾತ್ರಿಯ ಕಾಫಿ ಸೇರಿದರೆ ಇನ್ನೂ ತಡ. ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ರಕ್ತದಲ್ಲೇ ಇರುತ್ತದೆ.

ಹಗಲು ಓದಿದ್ದನ್ನು ಮೆದುಳು ನೆನಪಿನಲ್ಲಿ ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಬೆಳವಣಿಗೆಯ ಹಾರ್ಮೋನ್ ಹೆಚ್ಚು ಬಿಡುಗಡೆಯಾಗುವುದೂ ಗಾಢ ನಿದ್ದೆಯಲ್ಲಿ. ಹನ್ನೆರಡರವರೆಗೆ ಕೂತು ಬಾಯಿಪಾಠ ಮಾಡಿ ನಿದ್ದೆಗೆಟ್ಟರೆ, ಗಡಿಗೆ ತುಂಬ ನೀರು ತುಂಬಿ ತಳಕ್ಕೆ ತೂತು ಕೊರೆದಂತೆ.

ಅಮೆರಿಕದ ಸಿಯಾಟಲ್ ನಗರದಲ್ಲಿ 2016ರಲ್ಲಿ ಹೈಸ್ಕೂಲುಗಳ ಆರಂಭವನ್ನು 7.50ರಿಂದ 8.45ಕ್ಕೆ ಸರಿಸಿದರು. ಮಕ್ಕಳು ಇನ್ನಷ್ಟು ತಡವಾಗಿ ಮಲಗುತ್ತಾರೆ, ಲಾಭವೇನೂ ಆಗದು ಎಂದು ಯಾರಿಗಾದರೂ ಅನಿಸಬಹುದು. ಮಣಿಕಟ್ಟಿಗೆ ಅಳತೆಯ ಯಂತ್ರ ಕಟ್ಟಿ ನೋಡಿದಾಗ ದಿನಕ್ಕೆ 34 ನಿಮಿಷ ನಿದ್ದೆ ಹೆಚ್ಚಾಗಿತ್ತು. ನಮ್ಮ ಮಹಾರಾಷ್ಟ್ರದಲ್ಲೂ 2024ರಲ್ಲಿ ಸರ್ಕಾರ ನಾಲ್ಕನೇ ತರಗತಿವರೆಗಿನ ಶಾಲೆಗಳು 9ಕ್ಕಿಂತ ಮೊದಲು ಶುರುವಾಗಬಾರದು ಎಂದು ಆದೇಶ ಹೊರಡಿಸಿತು. ಒಳ್ಳೆಯದು. ಆದರೆ ಬೆಳಗಿನ ನಿದ್ದೆ ಹೆಚ್ಚು ಬೇಕಾದ ದೊಡ್ಡ ಮಕ್ಕಳಿಗೆ ಅದು ಅನ್ವಯಿಸಲಿಲ್ಲ. ಒಂದೇ ಕಟ್ಟಡದಲ್ಲಿ ಎರಡು ಪಾಳಿ ನಡೆಯುವ ಊರಿನಲ್ಲಿ ಇದು ಸುಲಭವೂ ಅಲ್ಲ. ಪಾಲಕರ ಸಭೆಯಲ್ಲಿ ಕೇಳುತ್ತಲೇ ಇರೋಣ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಮನೆ ಮತ್ತು ಕ್ಲಾಸು.

*ನಮ್ಮ ಮಕ್ಕಳ ಹೆಗಲಿಗೆ ಇನ್ನೊಂದು ಹೊರೆ*

ಹೊರನಾಡಿನ ನಮ್ಮ ಮಕ್ಕಳಿಗೆ ಊರಿನ ಮಕ್ಕಳಿಗಿಂತ ಒಂದು ಕೆಲಸ ಜಾಸ್ತಿ. ಮನೆಯಲ್ಲಿ ಕನ್ನಡ ಅಥವಾ ತುಳು, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ. ಇದರ ಜೊತೆಗೆ ಮಹಾರಾಷ್ಟ್ರದಲ್ಲಿ ಮರಾಠಿ ಕಡ್ಡಾಯ, ತೆಲಂಗಾಣದಲ್ಲಿ ತೆಲುಗು, ತಮಿಳುನಾಡಿನಲ್ಲಿ ತಮಿಳು. ಆ ಭಾಷೆ ಮನೆಯಲ್ಲಿ ಹೇಳಿಕೊಡುವವರಿಲ್ಲ. ಹಾಗಾಗಿ ಅದಕ್ಕೂ ಒಂದು ಟ್ಯೂಷನ್. ಒಂಬತ್ತನೇ ತರಗತಿಗೆ ಬಂದ ಕೂಡಲೇ ಮೊದಲು ನಿಲ್ಲುವುದು ಭಾನುವಾರದ ಕನ್ನಡ ಕ್ಲಾಸು, ಯಕ್ಷಗಾನದ ಅಭ್ಯಾಸ, ಸಂಘದ ಕಾರ್ಯಕ್ರಮ. ಆಮೇಲೆ ಮೇ ತಿಂಗಳಲ್ಲಿ ಊರಿಗೆ ಹೋಗುವುದು. "ಈ ವರ್ಷ ಹತ್ತನೇದು, ಬರೋಕಾಗಲ್ಲ" ಎಂದು ಅಜ್ಜಿಗೆ ಫೋನ್ ಮಾಡುತ್ತೇವೆ. ಎರಡು ವರ್ಷ ಬಿಟ್ಟು ಹನ್ನೆರಡನೇದು. ಮುಂದೆ ಕಾಲೇಜು. ಅಜ್ಜಿಯೂ ಕಾಯುತ್ತಾ ಕೂರುವವರಲ್ಲ.

ಮಗುವಿನ ಸ್ವಂತ ಬದುಕು ಎಂದರೆ ಇದೇ. ಅದನ್ನು ಮೋಜು ಎಂದು ತಿಳಿಯಬೇಡಿ. ಎರಡು ಕೋಣೆಯ ಮನೆಯಲ್ಲಿ, ಗೋಡೆಯಾಚೆ ಬೇರೆ ಭಾಷೆಯವರ ನಡುವೆ ಬೆಳೆಯುವ ಮಗುವಿಗೆ ತಾನು ಯಾರ ಪೈಕಿ ಎಂದು ತಿಳಿಯುವುದು ಇಂಥ ಜಾಗಗಳಲ್ಲೇ. ಅಂಕ ಕಡಿಮೆ ಬಂದ ದಿನ ಬೆನ್ನಿಗೆ ನಿಲ್ಲುವುದೂ ಈ ನಂಟೇ.

*"ನಾವು ಓದಲಿಲ್ಲವೇ?"*

ಹಿರಿಯರ ಒಂದು ಮಾತಿದೆ, ಅದನ್ನು ಗೌರವದಿಂದಲೇ ಕೇಳಬೇಕು. ಊರಿನಿಂದ ಮುಂಬಯಿಗೆ ಬಂದು ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು ಮೆಟ್ರಿಕ್ ಪಾಸಾದ ತಲೆಮಾರು ನಮ್ಮದು. ಅವರಲ್ಲಿ ಎಷ್ಟೋ ಜನ ಬ್ಯಾಂಕು, ರೈಲ್ವೆ, ವಕೀಲಿ ವೃತ್ತಿ ಸೇರಿದರು. "ನಾವು ನಾಲ್ಕು ಗಂಟೆ ಮಲಗಿ ಓದಿದೆವು, ಇವರಿಗೇನು ಕಷ್ಟ?" ಎನ್ನುತ್ತಾರೆ. ನಿಜ, ಅವರ ಶ್ರಮಕ್ಕೆ ಕೈಮುಗಿಯಬೇಕು. ಆದರೆ ಅವರು ನಿದ್ದೆಗೆಟ್ಟದ್ದು ಬೇರೆ ದಾರಿ ಇಲ್ಲದೆ. ಮುಂದಿನ ಮಕ್ಕಳು ಹಾಗೆ ಓದಬಾರದು ಎಂದೇ ಅಷ್ಟು ದುಡಿದರು. ದಾರಿ ಇರುವಾಗಲೂ ಮೊಮ್ಮಕ್ಕಳನ್ನು ನಿದ್ದೆಗೆಡಿಸಿದರೆ ಆ ದುಡಿಮೆಗೆ ಬೆಲೆ ಏನು?

"ಪರವೂರಿನಲ್ಲಿ ನಮಗೆ ಹೊಲ ಗದ್ದೆ ಇದೆಯೇ? ಮಗ ಓದಿದರೆ ಮಾತ್ರ ಬದುಕು" ಎನ್ನುವವರೂ ಇದ್ದಾರೆ. ಈ ಭಯ ಸುಳ್ಳಲ್ಲ. ಅದಕ್ಕೇ ಓದು ತಲೆಗೆ ಹತ್ತಬೇಕು. ನಿದ್ದೆಯಿಲ್ಲದ ಆರು ಗಂಟೆಯ ಓದಿಗಿಂತ ಎಚ್ಚರದ ಮೂರು ಗಂಟೆಯ ಓದು ಮೇಲು.

*ಸರ್ಕಾರದ ಮಿತಿ ಏನು ಹೇಳುತ್ತದೆ?*

ಕೇಂದ್ರ ಶಿಕ್ಷಣ ಇಲಾಖೆಯ 2020ರ ಶಾಲಾ ಚೀಲ ನೀತಿ ಪ್ರಕಾರ 9ರಿಂದ 12ನೇ ತರಗತಿಗೆ ಹೋಂವರ್ಕ್ ದಿನಕ್ಕೆ ಹೆಚ್ಚೆಂದರೆ 2 ಗಂಟೆ. ಜನವರಿ 2024ರಲ್ಲಿ ಅದೇ ಇಲಾಖೆ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಕೊಟ್ಟಿತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ತೀರಾ ಬೆಳಿಗ್ಗೆ ಅಥವಾ ತಡರಾತ್ರಿ ಪಾಠ ಇಡಬಾರದು, ದಿನಕ್ಕೆ 5 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು ಎಂದು ಅದರಲ್ಲಿದೆ. ಕಾಗದದ ಮೇಲಿನ ಮಾತು ಎಂದು ನಗಬೇಡಿ. ಕ್ಲಾಸಿನವರು ಭಾನುವಾರವೂ ಟೆಸ್ಟ್ ಇಟ್ಟಾಗ ನಾಲ್ಕು ಪಾಲಕರು ಒಟ್ಟಿಗೆ ಹೋಗಿ ಇದನ್ನು ತೋರಿಸಿ ಕೇಳಬಹುದು. ಫೀ ಕಟ್ಟುವವರು ನಾವು.

*ಮನೆಯಲ್ಲಿ ಮಾಡಬಹುದಾದದ್ದು*

1. ದೀಪ ಆರಿಸುವ ಹೊತ್ತು ಒಂದೇ ಇರಲಿ. ಬೆಳಿಗ್ಗೆ 5.45ಕ್ಕೆ ಏಳುವ ಮಗುವಿಗೆ ರಾತ್ರಿ 10ರೊಳಗೆ ದೀಪ ಆರಬೇಕು. ಒಂದೇ ಹಾಲಿನ ಮನೆಯಾದರೆ ಟಿವಿಯೂ ಆಗಲೇ ಬಂದ್. ಅಪ್ಪನ ಕ್ರಿಕೆಟ್, ಅಮ್ಮನ ಧಾರಾವಾಹಿ ಮೊಬೈಲಿನಲ್ಲಿ ಇಯರ್‌ಫೋನ್ ಹಾಕಿ ನೋಡಿದರೆ ಆಯಿತು.

2. ಮಗುವಿನ ಊಟ ಎಂಟಕ್ಕೆ ಮುಗಿಯಲಿ. ಅಪ್ಪನಿಗಾಗಿ ಹತ್ತರವರೆಗೆ ಕಾಯಿಸಬೇಡಿ. ಒಟ್ಟಿಗೆ ಊಟ ಮಾಡುವ ಸುಖವನ್ನು ಭಾನುವಾರಕ್ಕೆ, ಬೆಳಗಿನ ಚಹಾಕ್ಕೆ ಇಟ್ಟುಕೊಳ್ಳಿ.

3. ಶಾಲೆಯಿಂದ ಬಂದು ಉಂಡ ಮೇಲೆ 20–30 ನಿಮಿಷ ಮಲಗಲಿ. ಅದಕ್ಕಿಂತ ಹೆಚ್ಚಾದರೆ ರಾತ್ರಿ ನಿದ್ದೆ ಕೆಡುತ್ತದೆ.

4. ಹೆಸರು ಮಾಡಿದ ದೂರದ ಕ್ಲಾಸಿಗಿಂತ ನಡೆದು ಹೋಗುವಷ್ಟು ಹತ್ತಿರದ ಕ್ಲಾಸು ಒಳ್ಳೆಯದು. ಎಲ್ಲ ವಿಷಯಕ್ಕೂ ಬೇಡ. ಕಷ್ಟವಾದ ಒಂದೆರಡಕ್ಕೆ ಸಾಕು.

5. ದಿನಕ್ಕೆ ಒಂದು ಗಂಟೆ ಮೈ ಬೆವರಲಿ. 5ರಿಂದ 17 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು 60 ನಿಮಿಷ. ಸೊಸೈಟಿ ಕಾಂಪೌಂಡಿನಲ್ಲಿ ಬ್ಯಾಡ್ಮಿಂಟನ್, ಕ್ರಿಕೆಟ್, ಸೈಕಲ್ ಯಾವುದಾದರೂ ಸರಿ. ಹೆಣ್ಣುಮಕ್ಕಳನ್ನೂ ಕಳಿಸಿ. ಅವರ ಆಟದ ಗಂಟೆಯನ್ನು ಪಾತ್ರೆ ತೊಳೆಯುವುದಕ್ಕೆ ಕಳೆಯಬೇಡಿ.

6. ರಾತ್ರಿ ಒಂಬತ್ತೂವರೆಗೆ ಮನೆಯವರ ಮೊಬೈಲುಗಳೆಲ್ಲ ಒಂದೇ ಕಡೆ ಚಾರ್ಜಿಗೆ ಹೋಗಲಿ. ಅಲಾರಂಗೆ ಹಳೆಯ ಗಡಿಯಾರ ಸಾಕು. ಹನ್ನೊಂದಕ್ಕೆ ಗ್ರೂಪಿನಲ್ಲಿ ಹೋಂವರ್ಕ್ ಹಾಕುವ ಶಿಕ್ಷಕರಿಗೆ ಸಂಜೆಯೊಳಗೇ ಹಾಕಿ ಎಂದು ವಿನಂತಿಸಿ.

7. ಭಾನುವಾರ ಅರ್ಧ ದಿನ ಪುಸ್ತಕ ಮುಚ್ಚಿರಲಿ. ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ಮಗುವೇ ಹೇಳಲಿ. ಹತ್ತು ನಿಮಿಷ ಅಜ್ಜ ಅಜ್ಜಿಯ ಜೊತೆ ಕನ್ನಡದಲ್ಲಿ ಮಾತು ಇರಲಿ. ಪರೀಕ್ಷೆಯ ವರ್ಷವಾದರೂ ಎಂಟು ದಿನ ಊರಿಗೆ ಹೋಗಿ ಬನ್ನಿ.

*ಈ ಗುರುತುಗಳನ್ನು ಗಮನಿಸಿ*

ಬಸ್ಸು ಹತ್ತಿದ ಐದೇ ನಿಮಿಷಕ್ಕೆ ನಿದ್ದೆ, ಪದೇಪದೇ ತಲೆನೋವು, ಸಣ್ಣ ಮಾತಿಗೂ ಸಿಟ್ಟು, ಬರುವ ಲೆಕ್ಕವೂ ತಪ್ಪುವುದು. ಇವೆಲ್ಲ ನಿದ್ದೆ ಸಾಲದ ಗುರುತು ಇರಬಹುದು. ಮೊದಲು ಎರಡು ವಾರ ನಿದ್ದೆ ಸರಿಪಡಿಸಿ ನೋಡಿ. ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್, ಕಣ್ಣಿನ ತೊಂದರೆಗಳೂ ಹೀಗೇ ಕಾಣಿಸಿಕೊಳ್ಳುತ್ತವೆ.

ಮಗು ಎರಡು ವಾರಕ್ಕೂ ಹೆಚ್ಚು ಮಂಕಾಗಿದ್ದರೆ, ಊಟ ಬಿಟ್ಟರೆ, ಗೆಳೆಯರನ್ನು ದೂರ ಮಾಡಿದರೆ ತಡ ಮಾಡದೆ ಸಹಾಯ ಕೇಳಿ. ಬದುಕುವುದೇ ಬೇಡ ಎಂಬ ಮಾತು ಆಡಿದರೆ ಒಂದು ದಿನವೂ ಕಾಯಬೇಡಿ, ಒಬ್ಬಂಟಿಯಾಗಿ ಬಿಡಬೇಡಿ. ಬೈಗುಳ, ಉಪದೇಶ ಬೇಡ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. 2022ರಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕನ್ನಡದಲ್ಲೂ ಮಾತಾಡುತ್ತಾರೆ. ಮನಸ್ಸಿನ ನೋವನ್ನು ಹೇಳಿಕೊಳ್ಳಲು ಮನೆಮಾತು ಬೇಕಾಗುತ್ತದೆ, ಈ ನಂಬರನ್ನು ಮಗುವಿನ ಮೊಬೈಲಿನಲ್ಲೂ ನಿಮ್ಮದರಲ್ಲೂ ಸೇವ್ ಮಾಡಿಡಿ.

ಇವತ್ತು ಒಂದು ಕೆಲಸ ಮಾಡಿ. ಹಾಳೆ ತೆಗೆದುಕೊಂಡು ಮಗುವಿನ ಕೈಯಿಂದಲೇ ಅದರ ನಿನ್ನೆಯ 24 ಗಂಟೆ ಬರೆಸಿ. ನಿದ್ದೆ ಎಂಟಕ್ಕಿಂತ ಕಡಿಮೆ ಇದ್ದರೆ ಯಾವುದನ್ನು ಬಿಡಬೇಕೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿ. ಬಿಡುವ ಪಟ್ಟಿಯಲ್ಲಿ ಮೊದಲು ಮಗುವಿನ ಹೆಸರು ಬೇಡ, ನಿಮ್ಮದಿರಲಿ.

ನಿಮ್ಮ ಬಳಗದಲ್ಲಿ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಿಗೆ ಇದನ್ನು ಕಳಿಸಿ. ಆದರೆ ರಾತ್ರಿ ಹತ್ತರ ಮೇಲೆ ಬೇಡ, ನಾಳೆ ಬೆಳಿಗ್ಗೆ ಕಳಿಸಿ.