ಲಿನಕ್ಸ್ ಬೇಡ ಎನ್ನುವವರಿಗೆ ಬಜಪೆಯಿಂದ ಒಂದು ಪ್ರತ್ಯುತ್ತರ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗಬೇಕಾದರೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ಮಂಗಳೂರು ಬಳಿಯ ಬಜಪೆ, ಕೈಕಂಬ, ಗುರುಪುರ ಕಡೆಯ ಶಾಲೆಗಳಿಗೆ ದಾನಿಗಳು ಎಂದೋ ಕೊಟ್ಟ ಹಳೆಯ ಕಂಪ್ಯೂಟರುಗಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಅವುಗಳನ್ನು ಗುಜರಿಗೆ ಹಾಕಬೇಡಿ, ವಿಂಡೋಸ್ ಬದಲು ಮುಕ್ತ ತಂತ್ರಾಂಶವಾದ ಲಿನಕ್ಸ್ ಹಾಕಿ ಬಳಸಿ ಎನ್ನುವುದು ನನ್ನ ವಾದ. ವೃತ್ತಿಯಿಂದ ನಾನು ಎಂಜಿನಿಯರ್, ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುವುದೇ ನನ್ನ ದಿನದ ಕೆಲಸ. ಈ ವಾದಕ್ಕೆ ಊರಿನಲ್ಲಿ ಎದುರು ಮಾತು ಬೇಕಾದಷ್ಟು ಬಂದಿದೆ. ಅವುಗಳಲ್ಲಿ ಕೆಲವು ನ್ಯಾಯವಾದವು. ಹೆಚ್ಚಿನವು ಒಬ್ಬರಿಂದ ಒಬ್ಬರಿಗೆ ದಾಟಿ ಬಂದವು, ಯಾರೂ ಪರೀಕ್ಷಿಸಿ ನೋಡದವು.

ಎಲ್ಲರೂ ಮೊದಲು ಹೇಳುವುದು, "ಲಿನಕ್ಸ್ ಕಷ್ಟ, ಸರಕಾರಿ ಕನ್ನಡ ಶಾಲೆಯ ಮಕ್ಕಳಿಗೆ ಅದು ಆಗುವುದಲ್ಲ" ಎಂದು. ಹೀಗೆ ಹೇಳುವವರು ಒಮ್ಮೆ ತಲಪಾಡಿ ಗಡಿ ದಾಟಿ ಕೇರಳದ ಮಂಜೇಶ್ವರಕ್ಕೆ ಹೋಗಿ ಬರಲಿ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡ ಮಾಧ್ಯಮ ಹೈಸ್ಕೂಲುಗಳ ಮಕ್ಕಳು ಐಟಿ ಪಾಠ ಕಲಿಯುವುದು ಲಿನಕ್ಸ್ ಮೇಲೆಯೇ, ಎಸ್‌ಎಸ್‌ಎಲ್‌ಸಿಯ ಐಟಿ ಪ್ರಾಕ್ಟಿಕಲ್ ಬರೆಯುವುದೂ ಅದರ ಮೇಲೆಯೇ. ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಕೇರಳ 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶದ ಕಡೆ ಹೊರಳಿತು. ಅದೇ ಯೋಜನೆ ಈಗ ಕೈಟ್ ಎಂಬ ಸಂಸ್ಥೆಯಾಗಿದೆ. ಐಟಿ ಪಠ್ಯಪುಸ್ತಕ ಕನ್ನಡದಲ್ಲಿಯೂ ಇದೆ. ಶಾಲೆಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ತನ್ನ ಲಿನಕ್ಸ್ ಆವೃತ್ತಿ ಹಾಕುವುದರಿಂದ ಮೂರು ಸಾವಿರ ಕೋಟಿ ರೂಪಾಯಿ ಉಳಿಯುತ್ತದೆ ಎಂದು ಕೈಟ್ 2019ರಲ್ಲಿ ಲೆಕ್ಕ ಕೊಟ್ಟಿತ್ತು. ಆ ಲೆಕ್ಕ ಉದಾರವಾಯಿತು ಎಂದು ಕಾಲು ಭಾಗಕ್ಕೆ ಇಳಿಸಿದರೂ ಸಣ್ಣ ಮೊತ್ತವೇನಲ್ಲ. ಅಲ್ಲಿ ಕೆಲಸ ಆದದ್ದು ಹೇಗೆ? ಟೀಚರುಗಳಿಗೆ ತರಬೇತಿ ಕೊಟ್ಟರು, ಪಠ್ಯವನ್ನು ಅದಕ್ಕೆ ಹೊಂದಿಸಿದರು, ಪರೀಕ್ಷೆಯನ್ನೂ ಅದರಲ್ಲೇ ಇಟ್ಟರು. ಗಡಿಯ ಆಚೆ ಕಲಿಯುವವರೂ ನಮ್ಮ ತುಳು, ಕನ್ನಡ ಮಾತಾಡುವ ಮಕ್ಕಳೇ. ಅವರಿಗೆ ಆದದ್ದು ಇಲ್ಲಿಯವರಿಗೆ ಆಗದು ಎಂದರೆ ನಾನು ಒಪ್ಪುವುದಿಲ್ಲ.

"ನುಡಿ ಇಲ್ಲ, ಕನ್ನಡ ಟೈಪ್ ಮಾಡಲು ಆಗುವುದಿಲ್ಲ" ಎಂಬುದು ಆಫೀಸುಗಳಿಂದ ಬರುವ ಮಾತು. ನುಡಿಯಲ್ಲಿ ನಾವು ಒತ್ತುವ ಕೀಲಿಮಣೆ ವಿನ್ಯಾಸದ ಮೂಲ ಕೆ.ಪಿ. ರಾವ್ ಅವರದ್ದು. ಅವರು ಬಜಪೆಗೆ ಹತ್ತಿರದ ಕಿನ್ನಿಕಂಬಳದವರು. 'ಸೇಡಿಯಾಪು' ಎಂಬ ತಂತ್ರಾಂಶ ಮಾಡಿ ಕನ್ನಡಿಗರಿಗೆ ಉಚಿತವಾಗಿ ಕೊಟ್ಟವರು; ವಿನ್ಯಾಸವನ್ನೂ ತನ್ನದೆಂದು ಬಚ್ಚಿಟ್ಟುಕೊಳ್ಳಲಿಲ್ಲ. ಆ ವಿನ್ಯಾಸ ಇಂದು ಲಿನಕ್ಸ್‌ನಲ್ಲಿ ಐಬಸ್ ಎಂಬ ಟೈಪಿಂಗ್ ಸಾಧನದ ಮೂಲಕ ಕಗಪ ಎಂಬ ಹೆಸರಿನಲ್ಲಿ ಸಿಗುತ್ತದೆ. ಬೆರಳಿನ ಅಭ್ಯಾಸ ಬದಲಿಸಬೇಕಾದ್ದೇ ಇಲ್ಲ. ಇನ್ನು, ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪತ್ರ ಲಿನಕ್ಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ ಎನ್ನುತ್ತಾರೆ. ಹೌದು, ಕಾಣುತ್ತದೆ. ನಿಮ್ಮ ಮೊಬೈಲಿನಲ್ಲಿಯೂ, ಆ ಫಾಂಟ್ ಇಲ್ಲದ ವಿಂಡೋಸ್‌ನಲ್ಲಿಯೂ ಹಾಗೆಯೇ ಕಾಣುತ್ತದೆ. ಆ ಕಡತ ಯುನಿಕೋಡ್‌ನಲ್ಲಿ ಇಲ್ಲದಿರುವುದೇ ಕಾರಣ. ಅದನ್ನು ಯುನಿಕೋಡ್‌ಗೆ ಪರಿವರ್ತಿಸುವ ಮುಕ್ತ ಸಾಧನಗಳನ್ನು ಕನ್ನಡದ ಸ್ವಯಂಸೇವಕರು ಮಾಡಿಟ್ಟು ವರ್ಷಗಳೇ ಆದವು.

ಸುರಕ್ಷತೆಯ ಆಕ್ಷೇಪ ಎತ್ತುವವರು ಸ್ವಲ್ಪ ಓದಿಕೊಂಡವರು. ಅವರಿಗೆ ಉತ್ತರವೂ ಉದ್ದವಾಗಿಯೇ ಇರಬೇಕು. ಕೋಡ್ ಎಲ್ಲರಿಗೂ ಕಾಣುವಂತಿದ್ದರೆ ಕಳ್ಳನಿಗೂ ಕಾಣುತ್ತದಲ್ಲ ಎಂದು ಕೇಳಿ ಅವರು ಎಕ್ಸ್‌ಝಡ್ ಪ್ರಕರಣವನ್ನು ಮುಂದಿಡುತ್ತಾರೆ. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ, ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ಗಳಲ್ಲೂ ಇರುತ್ತದೆ. ಸಂಬಳವಿಲ್ಲದೆ ಒಬ್ಬರೇ ಅದನ್ನು ನೋಡಿಕೊಂಡು ದಣಿದಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷ ನೆರವು ನೀಡುತ್ತ ನಂಬಿಕೆ ಗಳಿಸಿ, 2024ರಲ್ಲಿ ಅದರೊಳಗೆ ಕಳ್ಳದಾರಿ ಸೇರಿಸಿದರು. ಆ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತನ್ನ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿ, ಕಾರಣ ಹುಡುಕಿಕೊಂಡು ಹೋಗಿ, ಬೇರು ಸಮೇತ ಬಯಲಿಗೆಳೆದರು. ಮುಖ್ಯ ಆವೃತ್ತಿಗಳಿಗೆ ಅದು ಹಬ್ಬುವ ಮೊದಲೇ ತಡೆ ಬಿತ್ತು. ಆ ಎಂಜಿನಿಯರ್ ಕೆಲಸಕ್ಕಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ. ಎಕ್ಸ್‌ಝಡ್ ಬರೆದ ತಂಡಕ್ಕೆ ಅವರು ಸೇರಿದವರಲ್ಲ. ಆದರೂ ಅದರ ಒಳಗನ್ನು ಬಿಚ್ಚಿ ನೋಡಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ಮುಚ್ಚಿಟ್ಟ ತಂತ್ರಾಂಶದಲ್ಲಿ ಹೊರಗಿನವರಿಗೆ ಈ ಅವಕಾಶವೇ ಇಲ್ಲ. ಈ ಪ್ರಕರಣ ತೋರಿಸಿದ ನಿಜವಾದ ಕೊರತೆ ಬೇರೆ: ಲೋಕವೆಲ್ಲ ಬಳಸುವ ಕೆಲಸಕ್ಕೆ ದುಡ್ಡು ಕೊಡುವವರಿಲ್ಲ. ಬೆಂಗಳೂರಿನ ಝೀರೋಧಾ ಕಂಪೆನಿ ಅದೇ ವರ್ಷ ಇಂಥ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಘೋಷಿಸಿತು. ಬೇರೆ ಕಂಪೆನಿಗಳೂ ಆ ದಾರಿ ಹಿಡಿಯಬೇಕು.

"ಹಾಳಾದರೆ ಯಾರನ್ನು ಕೇಳುವುದು? ದೊಡ್ಡ ಕಂಪೆನಿ ಹಿಂದಿದ್ದರೆ ಧೈರ್ಯ." ದುಡ್ಡು ಕೊಟ್ಟರೆ ಲಿನಕ್ಸ್‌ಗೂ ಬೆಂಬಲ ಸಿಗುತ್ತದೆ. ಆ ವ್ಯವಹಾರದಲ್ಲೇ ಬೆಳೆದ ರೆಡ್ ಹ್ಯಾಟ್ ಕಂಪೆನಿಯನ್ನು ಐಬಿಎಂ 2019ರಲ್ಲಿ 3,400 ಕೋಟಿ ಡಾಲರಿಗೆ ಕೊಂಡುಕೊಂಡಿತು. ದೊಡ್ಡ ಕಂಪೆನಿಯ ಧೈರ್ಯ ಎಷ್ಟರದ್ದು ಎಂದು 2025ರ ಜುಲೈಯಲ್ಲಿ ದೇಶವೇ ನೋಡಿತು. ನಮ್ಮ ಎಂಆರ್‌ಪಿಎಲ್‌ನ ಹಾಗೆ ತೈಲ ಶುದ್ಧೀಕರಿಸುವ ನಯಾರಾ ಎನರ್ಜಿಗೆ ಗುಜರಾತಿನ ವಾಡಿನಾರ್‌ನಲ್ಲಿ ರಿಫೈನರಿ ಇದೆ, ಅದರಲ್ಲಿ ರಷ್ಯಾದ ರೋಸ್ನೆಫ್ಟ್‌ಗೆ ಪಾಲಿದೆ. ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿದ ಮೇಲೆ ಮೈಕ್ರೋಸಾಫ್ಟ್ ನಯಾರಾಗೆ ಕೊಡುತ್ತಿದ್ದ ಸೇವೆಗಳನ್ನು ನಿಲ್ಲಿಸಿತು. ಹಣ ಕಟ್ಟಿದ ಸೇವೆಗಾಗಿ ಭಾರತದ ಕಂಪೆನಿಯೊಂದು ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಕೆಲವು ದಿನಗಳಲ್ಲಿ ಸೇವೆ ಮರಳಿತು, ನಿಜ. ರಿಫೈನರಿಗೆ ವಕೀಲರನ್ನು ಇಡುವ ಶಕ್ತಿ ಇತ್ತು. ಸಣ್ಣ ಸೊಸೈಟಿಗೋ ಶಾಲೆಗೋ ಅದಿಲ್ಲ.

"ವಿಂಡೋಸೂ ನಮಗೆ ಪುಕ್ಕಟೆಯೇ, ಅಂಗಡಿಯವರು ಹಾಕಿ ಕೊಡುತ್ತಾರೆ" ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ಅದು ಕಳವಿನ ಮಾಲು. ಅದನ್ನು ಚಾಲೂ ಮಾಡುವ ಕ್ರ್ಯಾಕ್‌ಗಳ ಜೊತೆ ವೈರಸ್ ಬರುವುದು ಮಾಮೂಲು. ಮಕ್ಕಳಿಗೆ ಪಾಠ ಹೇಳುವ ಜಾಗದಲ್ಲಿ ಅದು ಇರಲೇಬಾರದು.

"ಲಿನಕ್ಸ್‌ನಲ್ಲಿ ಟ್ಯಾಲಿ ಇಲ್ಲ" ಎಂಬ ಮಾತು ನ್ಯಾಯವಾದದ್ದು. ಆ ಲೆಕ್ಕಪತ್ರದ ತಂತ್ರಾಂಶ ವಿಂಡೋಸ್‌ಗೆಂದೇ ಮಾಡಿದ್ದು. ಅದನ್ನೇ ನಂಬಿದ ಅಂಗಡಿಯವರು ಒಂದು ಕಂಪ್ಯೂಟರನ್ನು ವಿಂಡೋಸ್‌ನಲ್ಲೇ ಇಟ್ಟುಕೊಳ್ಳಲಿ. ಕೆಲವು ಡಿಜಿಟಲ್ ಸಹಿಯ ಟೋಕನ್‌ಗಳೂ ಲಿನಕ್ಸ್‌ನಲ್ಲಿ ಸತಾಯಿಸುತ್ತವೆ. 2 ಜಿಬಿ ರ್‍ಯಾಮಿನ ಯಂತ್ರದಲ್ಲಿ ಬ್ರೌಸರಿನ ಹತ್ತು ಟ್ಯಾಬ್ ತೆರೆದರೆ ಲಿನಕ್ಸ್ ಕೂಡ ಏದುಸಿರು ಬಿಡುತ್ತದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ್‍ಯಾಮ್ ಹೆಚ್ಚಿಸಿದರೆ ಸುಧಾರಿಸುತ್ತದೆ. ಶಾಲೆಯ ಲ್ಯಾಬಿಗೆ ಬೇಕಾದ್ದು ಬರೆಯಲು ಲಿಬ್ರೆ ಆಫೀಸ್, ಗಣಿತಕ್ಕೆ ಜಿಯೋಜೀಬ್ರಾ, ಪ್ರೋಗ್ರಾಮಿಂಗ್ ಕಲಿಯಲು ಸ್ಕ್ರ್ಯಾಚ್ ಮತ್ತು ಪೈಥಾನ್. ಇವೆಲ್ಲ ಲಿನಕ್ಸ್‌ನಲ್ಲಿ ಇವೆ.

ಎಸ್‌ಡಿಎಂಸಿ ಸದಸ್ಯರಲ್ಲಿ, ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ ಇಷ್ಟೇ. ಹೊಸ ಕಂಪ್ಯೂಟರಿಗೆಂದು ದಾನಿಗಳ ಮನೆಗೆ ಹೋಗುವ ಮೊದಲು, ಒಂದು ಪೆನ್ ಡ್ರೈವಿನಲ್ಲಿ ಲಿನಕ್ಸ್ ಮಿಂಟ್ ಅಥವಾ ಲುಬುಂಟು ಹಾಕಿಸಿ ನಿಮ್ಮ ಹಳೆಯ ಯಂತ್ರದಲ್ಲಿ ಓಡಿಸಿ ನೋಡಿ. ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವಿನಿಂದಲೇ ಓಡಿಸಬಹುದು. ಹಾರ್ಡ್ ಡಿಸ್ಕಿನಲ್ಲಿರುವುದು ಇದ್ದ ಹಾಗೆಯೇ ಇರುತ್ತದೆ. ಒಂದು ವಾರ ಟೀಚರು, ಮಕ್ಕಳು ಬಳಸಲಿ. ಬೇಡವೆಂದು ಆಮೇಲೂ ಅನಿಸಿದರೆ ಪೆನ್ ಡ್ರೈವ್ ತೆಗೆದಿಡಿ.