ಮುರಿದ ಹಲ್ಲಿನ ಚೂರು ಎಲ್ಲಿ?

ಮುಂದಿನ ಹಲ್ಲು ಮುರಿದುಕೊಂಡು ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, "ಚೂರು ಎಲ್ಲಿ?" ಹೆಚ್ಚಿನವರು ನನ್ನ ಮುಖ ನೋಡ್ತಾರೆ. "ಅಲ್ಲೇ ರೋಡಲ್ಲಿ ಬಿದ್ದೋಯ್ತು ಡಾಕ್ಟ್ರೇ, ಅದ್ಯಾಕೆ ಈಗ?"

ಬೇಕು ಕಣ್ರೀ! ಚೂರು ಸರಿಯಾಗಿ ಕೂರುವಂತಿದ್ದರೆ ಅದನ್ನೇ ವಾಪಸ್ ಅಂಟಿಸಬಹುದು. ನಿಮ್ಮದೇ ಬಣ್ಣ, ನಿಮ್ಮದೇ ಹೊಳಪು. ಒಣಗಲು ಬಿಡದೆ ನೀರಿನಲ್ಲೋ ಹಾಲಿನಲ್ಲೋ ಹಾಕಿ ತನ್ನಿ. ಹುಡುಕಿದರೂ ಸಿಗದೆ, ತುಟಿಯೂ ಹರಿದಿದ್ದರೆ ಅದು ತುಟಿಯೊಳಗೇ ಸಿಕ್ಕಿಕೊಂಡಿರಬಹುದು. ಅದಕ್ಕೇ ತುಟಿಗೂ ಎಕ್ಸ್‌ರೇ ತೆಗೆಯುತ್ತೇವೆ.

ಆಮೇಲಿನ ಮಾತು, "ಮುಂದಿನ ವಾರ ಎಂಗೇಜ್‌ಮೆಂಟ್ ಇದೆ, ಬೇಗ ಕ್ಯಾಪ್ ಹಾಕ್ಬಿಡಿ." ಆತಂಕ ಅರ್ಥವಾಗುತ್ತೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡೋದು ಸಣ್ಣ ಸಂಕಟವಲ್ಲ. ಆದರೆ ಕ್ಯಾಪ್ ಹಾಕಬೇಕಾದರೆ ಉಳಿದಿರುವ ಗಟ್ಟಿ ಹಲ್ಲನ್ನೂ ಸುತ್ತ ಅರೆಯಬೇಕು. ಅರೆದದ್ದು ಮತ್ತೆ ಬೆಳೆಯೋದಿಲ್ಲ. ತುದಿ ಮಾತ್ರ ಹೋಗಿದ್ದರೆ, ಹಲ್ಲಿನ ಬಣ್ಣದ ಕಾಂಪೊಸಿಟ್‌ನಿಂದ ಸಾಮಾನ್ಯವಾಗಿ ಒಂದೇ ಸಿಟ್ಟಿಂಗ್‌ನಲ್ಲಿ ಕಟ್ಟಿಕೊಡಬಹುದು. ಕೆಲವು ವರ್ಷಕ್ಕೆ ಬಣ್ಣ ಮಾಸಿದರೆ ಮತ್ತೆ ಮಾಡಿಸಬಹುದು.

ತಣ್ಣೀರು ತಾಗಿದರೆ ಜುಮ್ ಅಂದರೆ ಎನಾಮಲ್ ದಾಟಿ ಒಳಪದರಕ್ಕೆ ಏಟು ಬಿದ್ದಿರಬಹುದು, ಬೇಗ ಮುಚ್ಚಿಸಬೇಕು. ಮುರಿದ ಜಾಗದಲ್ಲಿ ಕೆಂಪು ಚುಕ್ಕೆ ಕಂಡರೆ ನರ ತೆರೆದಿದೆ ಎಂದರ್ಥ; ಆವತ್ತೇ ಬನ್ನಿ. ಆಗಲೂ ರೂಟ್ ಕೆನಾಲ್ ಒಂದೇ ದಾರಿಯಲ್ಲ. ತೆರೆದ ಭಾಗವನ್ನು ಒಂದೆರಡು ಮಿ.ಮೀ. ಮಾತ್ರ ತೆಗೆದು ಔಷಧಿ ಇಟ್ಟು ಮುಚ್ಚಿದರೆ ಎಷ್ಟೋ ಹಲ್ಲುಗಳು ಜೀವಂತ ಉಳಿಯುತ್ತವೆ. ಬೇರು ಇನ್ನೂ ಬೆಳೆಯುತ್ತಿರುವ ಎಂಟು-ಒಂಬತ್ತು ವರ್ಷದ ಮಕ್ಕಳಿಗಂತೂ ಇದು ಬಹಳ ಮುಖ್ಯ.

ಹಲ್ಲು ಸರಿಹೋಯ್ತು ಅಂತ ಮರೆತುಬಿಡಬೇಡಿ. ಏಟು ಬಿದ್ದ ಹಲ್ಲು ನೋವೇ ಇಲ್ಲದೆ ತಿಂಗಳುಗಳ ನಂತರ ಒಳಗೊಳಗೇ ಸತ್ತು ಬೂದು ಬಣ್ಣಕ್ಕೆ ತಿರುಗಬಹುದು. 6–8 ವಾರಗಳ ನಂತರ ಒಮ್ಮೆ, ವರ್ಷದ ನಂತರ ಒಮ್ಮೆ ಮತ್ತೆ ತೋರಿಸಿ ಅನ್ನೋದು ಅದಕ್ಕೇ.

ಇನ್ನು ಹಲ್ಲು ಬೇರುಸಮೇತ ಕಿತ್ತು ಬಂದರೆ? ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ:

• ಬಿಳಿ ಭಾಗ ಹಿಡಿಯಿರಿ, ಬೇರು ಮುಟ್ಟಬೇಡಿ.
• ಮಣ್ಣಾಗಿದ್ದರೆ ಹಾಲಿನಲ್ಲೋ ಸಲೈನ್‌ನಲ್ಲೋ ಅದ್ದಿ ತೆಗೆಯಿರಿ. ಉಜ್ಜಬೇಡಿ.
• ಬಂದ ಜಾಗದಲ್ಲೇ ಕೂರಿಸಿ, ಕರ್ಚೀಫ್ ಕಚ್ಚಿ ಹಿಡಿಯಿರಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ.
• ಒಂದು ಗಂಟೆಯೊಳಗೆ ದಂತವೈದ್ಯರ ಹತ್ತಿರ ತಲುಪಿ.
• ಮಕ್ಕಳ ಹಾಲುಹಲ್ಲನ್ನು ವಾಪಸ್ ಕೂರಿಸಬೇಡಿ.
• ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಇದ್ದರೆ ಮೊದಲು ಆಸ್ಪತ್ರೆ, ಆಮೇಲೆ ಹಲ್ಲು.

ಭಾನುವಾರ ಕ್ರಿಕೆಟ್ ಆಡುವ ಗೆಳೆಯರ ಗ್ರೂಪಿಗೂ ಕಳಿಸಿ. ಹಲ್ಲು ಬಿದ್ದಾಗ ಪಕ್ಕದಲ್ಲಿರೋದು ಡಾಕ್ಟರಲ್ಲ, ಅವರೇ.