ತಾಯಿಯ ಹೆಸರಿಲ್ಲದ ವಂಶವೃಕ್ಷ

ಈ ಅಂಕಣದಲ್ಲಿ ಶಾಸ್ತ್ರವಿಚಾರವನ್ನೋ ಶರಣಚರಿತ್ರೆಯನ್ನೋ ಬರೆಯುವುದು ನಮ್ಮ ರೂಢಿ. ಈ ತಿಂಗಳು ಅದನ್ನು ಬದಿಗಿರಿಸಿ ಪಹಣಿ, ದಾನಪತ್ರ, ಪಾಸ್‌ಬುಕ್ಕುಗಳ ಮಾತನ್ನಾಡಲು ಹೊರಟಿದ್ದೇವೆ. ಇದಕ್ಕೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಾವೇ ಆಡಿದ ಒಂದು ಮಾತಿನಿಂದ ವೃದ್ಧ ತಾಯಿಯೊಬ್ಬರು ಕಷ್ಟಕ್ಕೊಳಗಾಗಿದ್ದಾರೆ. ಆ ಮಾತನ್ನು ತಿದ್ದುವ ಹೊಣೆ ನಮ್ಮ ಮೇಲಿದೆ.

ಮಂಡ್ಯ ತಾಲ್ಲೂಕಿನ ಹೊಳಲು ಗ್ರಾಮದಲ್ಲಿ 2017ರ ಶ್ರಾವಣದಲ್ಲಿ ನಮ್ಮ ಪ್ರವಚನವಿತ್ತು. ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಸೀಮೆ. ಕಬ್ಬು, ಭತ್ತ ಬೆಳೆಯುವ ಮನೆತನಗಳು. ಪ್ರವಚನ ಮುಗಿದ ಮೇಲೆ ತಾಯಿಯೊಬ್ಬರು ಬಂದು, ತಮ್ಮ ಹೆಸರಿನಲ್ಲಿರುವ ಜಮೀನನ್ನು ಮಗನಿಗೆ ದಾನಪತ್ರ ಮಾಡಿಕೊಡಬೇಕೆಂದಿರುವುದಾಗಿಯೂ, ಕೊನೆಯವರೆಗೆ ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಅದರಲ್ಲಿ ಬರೆಯಿಸುವಂತೆ ಪತ್ರ ಬರೆಯುವವರು ಹೇಳುತ್ತಿರುವುದಾಗಿಯೂ ತಿಳಿಸಿ, ನಮ್ಮ ಅಭಿಪ್ರಾಯವನ್ನು ಕೇಳಿದರು. ಯಜಮಾನರು ಲಿಂಗೈಕ್ಯರಾಗುವ ಮೊದಲು ಕಬ್ಬಿನ ಹಣದಲ್ಲಿ ಆಕೆಯ ಹೆಸರಿಗೇ ಕ್ರಯಕ್ಕೆ ತೆಗೆದುಕೊಂಡ ಭೂಮಿ ಅದು. ನಾವು ಒಂದು ಕ್ಷಣವೂ ಯೋಚಿಸದೆ, "ಹೆತ್ತ ತಾಯಿಗೂ ಮಗನಿಗೂ ನಡುವೆ ಕರಾರು ಏತಕ್ಕೆ ತಾಯಿ? ಅದು ನಂಬಿಕೆಗೆ ಕುಂದಲ್ಲವೇ?" ಎಂದೆವು. ಸುತ್ತ ಕುಳಿತಿದ್ದವರು ತಲೆದೂಗಿದರು. ನಮಗೂ ಆ ಮಾತು ಬಹಳ ಚೆನ್ನಾಗಿ ಕೇಳಿಸಿತೆಂಬುದನ್ನು ಮುಚ್ಚಿಡುವುದಿಲ್ಲ.

ಮರುವರ್ಷ ಷರತ್ತಿಲ್ಲದ ದಾನಪತ್ರ ನೋಂದಣಿಯಾಯಿತು. ಮಗ ಕೆಟ್ಟವನಾಗಿರಲಿಲ್ಲ, ಇದನ್ನು ವಿಶೇಷವಾಗಿ ಹೇಳಬೇಕು. ಕೊಟ್ಟ ಮಾತಿನಂತೆ ತಾಯಿಯನ್ನು ನೋಡಿಕೊಂಡ. ಆದರೆ 2023ರಲ್ಲಿ ಹೃದಯಾಘಾತದಿಂದ ಅಕಾಲದಲ್ಲಿ ತೀರಿಕೊಂಡ. ಬಾಯಿಮಾತಿನ ಭರವಸೆಯೂ ಅವನೊಡನೆಯೇ ಮಣ್ಣಿಗೆ ಹೋಯಿತು. ಉಳಿದವರು ಹೆಂಡತಿ, ಇಬ್ಬರು ಗಂಡುಮಕ್ಕಳು. ಪೌತಿ ಖಾತೆಗೆ ಅರ್ಜಿ ಹಾಕುವಾಗ ವಂಶವೃಕ್ಷ ಬೇಕಷ್ಟೆ. ಅದನ್ನು ಬರೆದುಕೊಟ್ಟವರು ಸತ್ತವನಿಂದ ಕೆಳಕ್ಕೆ ಬರೆದರು, ಮೇಲಕ್ಕೆ ನೋಡಲಿಲ್ಲ. ಹೆಂಡತಿ, ಮಕ್ಕಳ ಹೆಸರುಗಳು ಬಂದವು. ಹೆತ್ತವಳ ಹೆಸರು ಬರಲಿಲ್ಲ. 2024ರಲ್ಲಿ ಖಾತೆ ಮೂವರ ಹೆಸರಿಗೆ ಏರಿತು. ಈಗ ಮೊಮ್ಮಕ್ಕಳು ಜಮೀನನ್ನು ಮಾರುವ ಮಾತನಾಡುತ್ತಿದ್ದಾರೆ.

ಕಳೆದ ತಿಂಗಳು ಹೊಳಲಿಗೆ ಮತ್ತೆ ಹೋದಾಗ ಆ ತಾಯಿ ಜಗಲಿಯ ಮೂಲೆಯಲ್ಲಿ ಕುಳಿತಿದ್ದರು. ನಿಂದಿಸಲಿಲ್ಲ. "ಬುದ್ಧೀ, ಬರೆಸೋದು ಬ್ಯಾಡ ಅಂತ ತಾವೇ ಅಲ್ವಾ ಅಪ್ಪಣೆ ಕೊಡ್ಸಿದ್ದು?" ಎಂದಷ್ಟೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ನಂಬಿಕೆ ಇರುವಲ್ಲಿ ಬರಹ ಬೇಡವೆಂಬುದು ನಮ್ಮ ಹಿರಿಯರ ರೀತಿಯೇ ಅಲ್ಲ. ಹೀಗೆಂದು ಈಗ ಬರೆಯುವ ನಾವು ಅಂದು ಇದನ್ನು ಮರೆತಿದ್ದೆವು. ಮಂಡ್ಯ, ಮಳವಳ್ಳಿ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿಯೇ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ದೇವರಿಗೆ ಕೊಟ್ಟ ದಾನವಾದರೂ ನಮ್ಮ ನಾಡಿನ ದಾನಶಾಸನಗಳಲ್ಲಿ ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುವುದೂ, ಸಾಕ್ಷಿಗಳನ್ನು ಹೆಸರಿಸುವುದೂ, ಅಳುಪಿದವರಿಗೆ ಶಾಪವಿಡುವುದೂ ಪದ್ಧತಿ. ದೇವರ ಮೇಲೆ ಅಪನಂಬಿಕೆಯಿಂದ ಕಲ್ಲಿನಲ್ಲಿ ಕೊರೆಯಿಸಿದರೇ? ಕೊಟ್ಟವನೂ ಪಡೆದವನೂ ಇಲ್ಲದ ಕಾಲಕ್ಕೆಂದು ಕೊರೆಯಿಸಿದರು. ಬಸವಣ್ಣನವರು ಸಹ ಕರಣಿಕರಾಗಿ ಬಿಜ್ಜಳನಲ್ಲಿ ಸೇರಿ ಭಂಡಾರಿಯ ಪದವಿಗೇರಿದರೆಂದು ಪುರಾಣಗಳು ಹೇಳುತ್ತವೆ. ಲೆಕ್ಕ ಬರೆಯುವುದು ಭಕ್ತಿಗೆ ವಿರೋಧವಾದ ಕಾಯಕವೆಂದು ಅವರೆಲ್ಲಿಯೂ ತಿಳಿದಂತಿಲ್ಲ. ಮಠಗಳ ಲೆಕ್ಕವನ್ನು ಕಡತದಲ್ಲಿ ಬರೆಯುತ್ತಿದ್ದುದನ್ನು ಓದುಗರಲ್ಲಿ ಕೆಲವರು ಬಲ್ಲರು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಕಪ್ಪನ್ನು ಬಳಿದು, ಬಳಪದಲ್ಲಿ ಬರೆದು, ಮಡಿಚಿಡುವ ಕ್ರಮ. ನಾವು ಮಠದಲ್ಲಿ ವಿದ್ಯಾರ್ಥಿಗಳಾಗಿದ್ದಾಗ ಓಲೆಗರಿಗಳ ಕಟ್ಟನ್ನು ಬಿಚ್ಚಿ, ಎಣ್ಣೆ ಸವರಿ, ನೆರಳಲ್ಲಿ ಆರಿಸಿ ಕಟ್ಟುವ ಕೆಲಸ ನಮ್ಮ ಪಾಲಿಗಿತ್ತು. ನೂರಾರು ವರ್ಷದ ಗರಿಗಳನ್ನು ಹುಳು ಮುಟ್ಟದಂತೆ ಕಾಯಲು ಕಲಿತ ನಾವು, ಒಬ್ಬ ತಾಯಿಯ ಒಂದು ಸಾಲನ್ನು ಬರೆಯಿಸದೆ ಬಿಟ್ಟೆವು.

ಇನ್ನು ಕಾನೂನಿನ ವಿಷಯ. ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ. ಅದರ 23ನೆಯ ಕಲಮಿನ ಪ್ರಕಾರ, ತನ್ನ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ಕೊಟ್ಟಿದ್ದು, ಪಡೆದವರು ಆ ಷರತ್ತಿನಂತೆ ನಡೆಯದಿದ್ದರೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯು ಆ ಪತ್ರವನ್ನು ಅಸಿಂಧುವೆಂದು ಘೋಷಿಸಬಹುದು. ಕೀಲು ಇರುವುದು "ಷರತ್ತಿನ ಮೇಲೆ" ಎಂಬಲ್ಲಿ. ಷರತ್ತು ಇತ್ತೆಂದು ತೋರಿಸಲಾಗದಿದ್ದರೆ ಈ ಕಲಮು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. 2025ರ ಜನವರಿ 2ರಂದು ಅದೇ ನ್ಯಾಯಾಲಯದಿಂದ ಇನ್ನೊಂದು ತೀರ್ಪು ಬಂತು. ಮಧ್ಯಪ್ರದೇಶದ ತಾಯಿಯೊಬ್ಬರು 2019ರಲ್ಲಿ ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದರು. ದಾನಪತ್ರದಲ್ಲಿ ಷರತ್ತಿನ ಮಾತಿರಲಿಲ್ಲವೆಂದು ಉಚ್ಚ ನ್ಯಾಯಾಲಯ ತಾಯಿಗೆ ವಿರುದ್ಧವಾಗಿ ಹೇಳಿತ್ತು. ಆದರೆ ಅದೇ ಸಂದರ್ಭದಲ್ಲಿ ಬರೆದ ಒಂದು ವಚನಪತ್ರ ಆಕೆಯ ಬಳಿ ಇತ್ತು: ತಂದೆತಾಯಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವುದಾಗಿ, ತಪ್ಪಿದರೆ ದಾನವನ್ನು ಹಿಂಪಡೆಯಬಹುದೆಂದು. ಮಗ ಅದನ್ನು ಸುಳ್ಳು ಪತ್ರವೆಂದ. ಸರ್ವೋಚ್ಚ ನ್ಯಾಯಾಲಯವು ಎರಡೂ ಪತ್ರಗಳನ್ನು ಕೂಡಿಸಿ ಓದಿ, ದಾನವನ್ನು ರದ್ದುಪಡಿಸಿ, ಸ್ವತ್ತನ್ನು ತಾಯಿಗೆ ಮರಳಿಸುವಂತೆ ಆಜ್ಞೆ ಮಾಡಿತು. ಒಂದು ಹಾಳೆಯ ಬಲ ಅಷ್ಟು. ಹೊಳಲಿನ ತಾಯಿಯ ಬಳಿ ಆ ಒಂದು ಹಾಳೆ ಇಲ್ಲ. ಇಲ್ಲದಿರುವುದಕ್ಕೆ ಕಾರಣ ಯಾರೆಂದು ಮೇಲೆಯೇ ಹೇಳಿದ್ದೇವೆ.

ಆದಕಾರಣ ಆಸ್ತಿಯನ್ನು ಮಕ್ಕಳಿಗೆ ಕೊಡಬೇಕೆನ್ನುವ ಹಿರಿಯರು ಷರತ್ತನ್ನು ಆ ಪತ್ರದೊಳಗೇ ಸ್ಪಷ್ಟವಾಗಿ ಬರೆಯಿಸಬೇಕು. ಊಟ, ವಸತಿ, ಔಷಧೋಪಚಾರ ಎಂದು ಬಿಡಿಸಿ ಬರೆಯಿಸಲಿ. ಬದುಕಿರುವವರೆಗೆ ಕೊಡಲೇಬೇಕೆಂಬ ನಿರ್ಬಂಧವೂ ಇಲ್ಲ. ಉಯಿಲು ಬರೆದಿಟ್ಟರೆ ಜೀವಮಾನವೆಲ್ಲ ಒಡೆತನ ತಮ್ಮಲ್ಲಿಯೇ ಉಳಿಯುತ್ತದೆ. ಮನಸ್ಸು ಬದಲಾದರೆ ಬದಲಿಸಿ ಬರೆಯಬಹುದು. ದಾನಪತ್ರವಾದರೋ ನೋಂದಣಿಯಾಗಿ ಕೈದಾಟಿದ ಮೇಲೆ ಮನಸ್ಸು ಬದಲಾಯಿತೆಂದು ಹಿಂದಕ್ಕೆ ಬರುವುದಿಲ್ಲ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆಯೆಂದು ಅವಸರ ಮಾಡುವವರನ್ನು ನಾವು ಬಹಳ ಕಂಡಿದ್ದೇವೆ. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲ. ಆದರೂ ನೋಂದಾಯಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಪಾಲು ಪಡೆಯುವವರನ್ನೇ ಸಾಕ್ಷಿಗೆ ಹಾಕಿಸಬಾರದು.

ಈ ಸೀಮೆಯಲ್ಲಿ ದಾಖಲೆಯ ಮಾತು ಹೊಸದೂ ಅಲ್ಲ. ಹಿಂದೆ ಊರಿನ ಜಮೀನಿನ ಲೆಕ್ಕವೆಲ್ಲ ಶ್ಯಾನುಭೋಗರ ಪುಸ್ತಕದಲ್ಲಿ ಮತ್ತು ಅವರ ನೆನಪಿನಲ್ಲಿ ಇರುತ್ತಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರ 1963ರಲ್ಲಿ ಕೊನೆಗೊಂಡಿತು. ಪುಸ್ತಕ ಸರ್ಕಾರಕ್ಕೆ ಹೋಯಿತು, ನೆನಪು ಅವರೊಡನೆ ಹೋಯಿತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು 7ನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕಾಯಿತು. ಪಹಣಿಯಲ್ಲಿ ಹೆಸರಿದ್ದವರಿಗೂ ಗೇಣಿಯ ರಸೀದಿ ಇಟ್ಟುಕೊಂಡವರಿಗೂ ದಾರಿ ಸುಗಮವಾಯಿತು. ಬಾಯಿಮಾತಿನ ಮೇಲೆ ವಾರಕ್ಕೆ ಉಳುತ್ತಿದ್ದವರು, ತಲೆಮಾರಿನಿಂದ ಉತ್ತಿದ್ದರೂ, ಸಾಕ್ಷಿ ಹುಡುಕಿಕೊಂಡು ಅಲೆಯಬೇಕಾಯಿತು. ಅಂದು ಭೂಮಿ ಪಡೆದ ಮನೆಗಳವರು ಆ 10ನೆಯ ನಮೂನೆಯ ಪತ್ರ ಎಲ್ಲಿದೆಯೆಂದು ಒಮ್ಮೆ ನೋಡಿಕೊಳ್ಳಿರಿ. ಅಟ್ಟದ ಮೇಲಿನ ಗಂಟಿನಲ್ಲಿ ಗೆದ್ದಲು ಹಿಡಿದಿರಲೂಬಹುದು.

ಈಗ ಪಹಣಿ ಗಣಕಯಂತ್ರದಲ್ಲಿದೆಯಲ್ಲ, ನಾವೇಕೆ ಇಡಬೇಕೆಂದು ಯುವಕರು ಕೇಳುತ್ತಾರೆ. ಯಂತ್ರವು ತನಗೆ ಊಡಿದ್ದನ್ನಷ್ಟೇ ಹೇಳುತ್ತದೆ. ತಾಯಿಯ ಹೆಸರಿಲ್ಲದ ವಂಶವೃಕ್ಷವನ್ನು ಕೊಟ್ಟರೆ ತಾಯಿಯ ಹೆಸರಿಲ್ಲದ ಪಹಣಿ ಹೊರಬರುತ್ತದೆ. ಕರ್ನಾಟಕ ಭೂಕಂದಾಯ ಕಾಯ್ದೆಯಂತೆ ಪಹಣಿಯ ನಮೂದು, ಬೇರೆ ರೀತಿ ಸಿದ್ಧಪಡುವವರೆಗೆ ನಿಜವೆಂದು ಭಾವಿಸಬೇಕಾದ್ದು, ಹಕ್ಕನ್ನು ಹುಟ್ಟಿಸುವಂಥದ್ದಲ್ಲ. ಬೇರೆ ರೀತಿ ಸಿದ್ಧಪಡಿಸುವುದಕ್ಕೆ ಮೂಲ ಕ್ರಯಪತ್ರ, ಮ್ಯುಟೇಶನ್ ನಕಲು, ಕಂದಾಯದ ರಸೀದಿ, ಸಾಲ ತೀರಿಸಿದ ಪತ್ರ ಇವೇ ಬೇಕು. ವರ್ಷಕ್ಕೊಮ್ಮೆ, ಯುಗಾದಿಯ ಹೊತ್ತಿಗೆ ಎಂದಿಟ್ಟುಕೊಳ್ಳೋಣ, ಪಹಣಿಯ ಪ್ರತಿ ತೆಗೆಯಿಸಿ ಹೆಸರು, ವಿಸ್ತೀರ್ಣ, ಋಣದ ಕಲಮುಗಳನ್ನು ಓದಿಸಿಕೊಳ್ಳಬೇಕು. ಊರೊಳಗಿನ ಮನೆಗೆ ಪಂಚಾಯಿತಿಯ ಈ-ಸ್ವತ್ತಿನ 9 ಮತ್ತು 11ನೆಯ ನಮೂನೆಗಳನ್ನು ಹೀಗೆಯೇ ನೋಡಬೇಕು. ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ದುಃಖದ ನಡುವೆಯೂ 21 ದಿನಗಳೊಳಗೆ ಮರಣವನ್ನು ನೋಂದಾಯಿಸಬೇಕು. ಅದು ತಪ್ಪಿದರೆ ಮುಂದಿನದೆಲ್ಲ ತಡವಾಗುತ್ತದೆ.

ಬ್ಯಾಂಕಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇವೆ. ಠೇವಣಿಗೆ ನಾಮಿನಿ ಬರೆಯಿಸದೆ ಸತ್ತವರ ಮನೆಯವರು ಪಡುವ ಪಾಡು ಎಲ್ಲರಿಗೂ ತಿಳಿದದ್ದೇ. 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಲು ಅವಕಾಶವಾಗಿದೆ. ಆದರೆ ಬ್ಯಾಂಕ್ ಠೇವಣಿಯ ನಾಮಿನಿಯು ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸುವವನೇ ಹೊರತು ಒಡೆಯನಲ್ಲ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹಕ್ಕುದಾರರು ಅನಂತರವೂ ಕೇಳಬಹುದು, ಹುಡುಕುವುದಕ್ಕೆ ರಿಸರ್ವ್ ಬ್ಯಾಂಕು 2023ರಲ್ಲಿ 'ಉದ್ಗಮ್' ಎಂಬ ಜಾಲತಾಣವನ್ನು ತೆರೆದಿದೆ. ಹಳೆಯ ಪಾಸ್‌ಬುಕ್ಕನ್ನು ಒಲೆಗೆ ಹಾಕಬೇಡಿರಿ. ಬಂಧುಗಳಿಗೆ ಕೊಟ್ಟ ಕೈಸಾಲಕ್ಕೆ ಚೀಟಿ ಬರೆಯಿಸಿ. ಸಾಮಾನ್ಯವಾಗಿ ಮೂರು ವರ್ಷ ಕಳೆದರೆ ದಾವೆಯ ಅವಧಿ ಮುಗಿಯುತ್ತದೆ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದನ್ನಂತೂ ಮಗನೇ ಕೇಳಿದರೂ ಮಾಡಕೂಡದು.

ಹೊಳಲಿನ ತಾಯಿಯ ವಿಚಾರಕ್ಕೆ ಮರಳೋಣ. ನಾವು ಅಂದು ಅಲ್ಲಿಂದ ನೇರವಾಗಿ ಮಂಡ್ಯಕ್ಕೆ ಹೋಗಿ, ಪರಿಚಯದ ವಕೀಲರೊಬ್ಬರ ಮುಂದೆ ಎಲ್ಲವನ್ನೂ ಹೇಳಿಕೊಂಡೆವು. ಷರತ್ತಿಲ್ಲವೆಂದ ಮೇಲೆ ದಾನಪತ್ರವನ್ನು ಮುರಿಯುವುದು ಕಷ್ಟವೆಂದು ಅವರು ಹೇಳಿದರು. ಆಮೇಲೆ, "ಮಗ ಉಯಿಲು ಬರೆದಿದ್ದನೇ?" ಎಂದು ಕೇಳಿದರು. ಇಲ್ಲವೆಂದೆವು. "ಹಾಗಾದರೆ ತಾಯಿ ಮಗನಿಗೆ ವಾರಸುದಾರಳಲ್ಲವೇ?" ಎಂದರು.

ಇದು ನಮಗೆ ಹೊಳೆದಿರಲೇ ಇಲ್ಲ; ಓದುಗರಲ್ಲಿ ಬಹುಮಂದಿಗೂ ಹೊಳೆದಿರಲಾರದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ತಾನು ಯಾರಿಗೆ ಅನ್ವಯಿಸುತ್ತದೆಂದು ಹೇಳುವಾಗ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಹೇಳಿದೆ. ಗಂಡಸು ಉಯಿಲಿಲ್ಲದೆ ಸತ್ತರೆ ಅವನ ಸ್ವಂತ ಸ್ವತ್ತಿಗೆ ಮೊದಲ ವರ್ಗದ ವಾರಸುದಾರರು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಮತ್ತು ತಾಯಿ. ಎಲ್ಲರಿಗೂ ಸಮಪಾಲು. ತಾಯಿ ದಾನವಾಗಿ ಕೊಟ್ಟ ಭೂಮಿ ಮಗನ ಸ್ವಂತದ್ದಾಯಿತು. ಅವನು ಸತ್ತಾಗ ಅದರ ನಾಲ್ಕರಲ್ಲಿ ಒಂದು ಪಾಲು ಮತ್ತೆ ತಾಯಿಗೆ ಬಂತು. ಬಂದದ್ದು ಯಾರಿಗೂ ತಿಳಿಯಲಿಲ್ಲ, ಆಕೆಗೂ ತಿಳಿಯಲಿಲ್ಲ. ಗಂಡುಮಕ್ಕಳನ್ನು ಕಳೆದುಕೊಂಡ ತಾಯಂದಿರು ನಮ್ಮ ಸಮಾಜದಲ್ಲಿ ಕಡಿಮೆಯಿಲ್ಲ. ಅವರ ಮನೆಯ ವಂಶವೃಕ್ಷಗಳನ್ನು ಒಮ್ಮೆ ತೆರೆದು ನೋಡಬೇಕಾಗಿದೆ.

ಇದನ್ನು ಸಾಧಿಸಬೇಕಾದರೆ ಆಕೆ ಆ ಮಗನ ತಾಯಿಯೆಂಬುದಕ್ಕೆ ದಾಖಲೆ ಬೇಕು. ಎಂಬತ್ತರ ಹತ್ತಿರದ ಹೆಂಗಸು, ಮಗನಿಗೆ ಜನನಪತ್ರವಿಲ್ಲ. ಊರೆಲ್ಲ ಬಲ್ಲದ್ದು ಸರಿ; ಊರು ಬಲ್ಲದ್ದನ್ನು ಹಾಳೆಯ ಮೇಲೆ ತೋರಿಸಬೇಕಲ್ಲ. ಕೊನೆಗೆ ವಕೀಲರು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಆ ದಾನಪತ್ರದ ದೃಢೀಕೃತ ನಕಲನ್ನೇ ತೆಗೆಯಿಸಿದರು. ಅದರ ಮೊದಲನೆಯ ಪುಟದಲ್ಲಿ, ಯಾರಿಗೆ ಕೊಡುತ್ತಿದ್ದೇನೆಂದು ಹೇಳುವೆಡೆ, "ನನ್ನ ಸ್ವಂತ ಮಗನಾದ" ಎಂದು ಬರೆದಿತ್ತು. ಕೆಳಗೆ ಮಗನ ರುಜುವೂ ಇತ್ತು. ಖಾತೆ ಬದಲಾವಣೆಯ ವಿರುದ್ಧ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಲಾಗಿದೆ; ತಡವಾದುದಕ್ಕೆ ಕಾರಣವನ್ನೂ ಬರೆದುಕೊಟ್ಟಿದ್ದೇವೆ. ಪಾಲಿನ ಹಕ್ಕು ಕೊನೆಗೆ ಸಿವಿಲ್ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾದೀತೆಂದು ವಕೀಲರು ಮೊದಲೇ ಹೇಳಿದ್ದಾರೆ. ಮೊದಲ ವಿಚಾರಣೆ ಮುಂದಿನ ತಿಂಗಳು. ನಾವೂ ಹೋಗುವವರಿದ್ದೇವೆ.

ನಕಲನ್ನು ಆ ತಾಯಿಯ ಕೈಗೆ ಕೊಟ್ಟು, ಆ ಸಾಲನ್ನು ಎರಡು ಸಾರಿ ಓದಿ ಹೇಳಿದೆವು. ಆಕೆ ಕೇಳಿದ್ದು ಒಂದೇ ಮಾತು: "ಇದ್ರಿಂದ ನನ್ ಮೊಮ್ಮಕ್ಕಳ ಪಾಲಿಗೆ ಏನಾರ ಕುಂದಾಯ್ತದಾ ಬುದ್ಧೀ?" ಅವರವರ ಪಾಲು ಅವರಿಗೆ ಇದ್ದೇ ಇರುತ್ತದೆ, ನಿಮ್ಮದು ಮಾತ್ರ ನಿಮಗೆ ಬರುತ್ತದೆ ಎಂದೆವು. ಸರಿ ಎಂದು ಪತ್ರವನ್ನು ಮಡಿಚಿ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.